ಉಡಿ ತುಂಬಿದ ಮನೆ

ನಾನು ನರ್ಸಾಗಿರುವ ಭಾಲ್ಕಿಯ ಆಸ್ಪತ್ರೆಯ ಮುಂದೆ ಒಂದರ ಹಿಂದೊಂದು ಎರಡು ಟಂಟಂ ಗಾಡಿ ಬಂದು ನಿಂತವು. ಎರಡರಲ್ಲೂ ನನ್ನ ತವರೂರಿನವರೇ. ಹೊಲದ ಬದುವಿಗಾಗಿ ನಮ್ಮ ತವರುಮನೆಯವರಿಗೂ ಪಕ್ಕದ ಹೊಲದವರಿಗೂ ಬಡಿದಾಟವಾಗಿತ್ತು. ಗೇಣು ಮಣ್ಣಿಗೆ ಇಷ್ಟೊಂದು ರಕ್ತ! ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು.

ಮೊದಲನೆಯದರಲ್ಲಿ ನನ್ನ ಅಣ್ಣ. ಹಣೆ ಒಡೆದಿತ್ತು, ಆದರೆ ಬಾಯಿ ಜೋರಾಗಿತ್ತು. ಅಷ್ಟು ಬೈಯುವವನ ಜೀವಕ್ಕೆ ಸದ್ಯ ಭಯವಿಲ್ಲ. ಎರಡನೆಯದರಲ್ಲಿ ಪಕ್ಕದ ಹೊಲದವರ ಮಗ. ಕುಡುಗೋಲು ಮುಂಗೈಯನ್ನು ಸೀಳಿತ್ತು, ಮುಖ ಬಿಳಿಚಿತ್ತು. ನಾನು ಅತ್ತ ಓಡಿದೆ.

ಅಣ್ಣನ ಜೊತೆ ಬಂದಿದ್ದ ಚಿಕ್ಕಪ್ಪ, ನಮ್ಮ ಕಾಕಾ, ಅಡ್ಡ ನಿಂತರು. "ಮೊದ್ಲು ನಿಮ್ಮ ಅಣ್ಣಗ ನೋಡು. ಅವಗ ಕೈ ಹಚ್ಚಿದಿ ಅಂದ್ರ ತವರಿನ ಬಾಗಿಲು ಮುಚ್ಚಿತು ತಿಳ್ಕೊ!"

ತವರು ಯಾರಿಗೆ ಬೇಡ?

"ಬಾಜೂಕ ಸರಿರಿ ಕಾಕಾ, ರಕ್ತ ಹೊಂಟದ," ಎಂದು ದಾಟಿ ಹೋದೆ.

ಗಾಯ ಒತ್ತಿ ಹಿಡಿದರೆ ಅವನು ಕೈ ಕಿತ್ತುಕೊಂಡ. "ಇಕಿ ಬ್ಯಾಡ್ರಿ! ಅವರ ಮನಿ ಮಗಳು. ಸೂಜ್ಯಾಗ ಏನರೆ ಹಾಕ್ತಾಳ!"

"ಏ, ಸುಮ್ಕ ಕೂಡು! ನನ್ನ ಲಗ್ನದಾಗ ನಿಮ್ಮವ್ವ ಉಡಿ ತುಂಬ್ಯಾಳ. ಉಡ್ಯಾಗ ಅಕ್ಕಿ, ಕೊಬ್ಬರಿ ಹಾಕಿ ಕಳಿಸಿದ ಮನಿಗಿ ನಾ ಕೆಟ್ಟದು ಮಾಡ್ತೇನಿ?"

ನಮ್ಮ ಕಡೆ ಉಡಿ ತುಂಬಿದ ಮನೆಗಳೆಲ್ಲ ಹೆಣ್ಣಿಗೆ ತವರೇ. ಅವನು ಕೈ ಚಾಚಿದ. ಡಾಕ್ಟರು ಬಂದು ಹೊಲಿಗೆ ಹಾಕುವವರೆಗೆ ನಾನು ಹಿಡಿತ ಬಿಡಲಿಲ್ಲ.

ಆಮೇಲೆ ಅಣ್ಣನ ಸರದಿ. ಅವನು ಗೋಡೆ ನೋಡುತ್ತ ಪಟ್ಟಿ ಕಟ್ಟಿಸಿಕೊಂಡ. ಒಂದೇ ವಾರ್ಡು, ಎದುರುಬದುರು ಮಂಚ. ಇಬ್ಬರಿಗೂ ನಾನೇ ಗಂಜಿ ಕುಡಿಸಿದೆ, ಇಬ್ಬರ ಬೈಗುಳವನ್ನೂ ನಾನೇ ಕೇಳಿದೆ. ಬೀದರದಲ್ಲಿ ನರ್ಸಿಂಗ್ ಕಲಿಯುವಾಗ, ಯುದ್ಧದಲ್ಲಿ ಎರಡೂ ಕಡೆಯ ಸೈನಿಕರ ಆರೈಕೆ ಮಾಡಿದವರ ಬಗ್ಗೆ ಓದಿದ್ದೆ. ಅವರಿಗೊಂದು ಅನುಕೂಲವಿತ್ತು: ಆ ಸೈನಿಕರು ಅವರ ಅಣ್ಣಂದಿರಾಗಿರಲಿಲ್ಲ.

ನಾಗರ ಪಂಚಮಿ ಬಂತು. ನಮ್ಮಲ್ಲಿ ಅಣ್ಣ ಬಂದು ಕರೆಯದೆ ಹೆಣ್ಣುಮಗಳು ಹಬ್ಬಕ್ಕೆ ತವರಿಗೆ ಹೋಗುವುದಿಲ್ಲ. ಅಣ್ಣ ಬರಲಿಲ್ಲ. ಒಲೆಯ ಮುಂದೆ ಕುಳಿತು ಮನಸಾರೆ ಅತ್ತೆ. ಮಧ್ಯಾಹ್ನ ಯಾರೋ ಬಾಗಿಲು ಬಡಿದರು. ನೋಡಿದರೆ ಆ ಮನೆಯ ಮಗ. ಮುಂಗೈ ಮೇಲೆ ಹೊಲಿಗೆಯ ಗುರುತು.

"ಅಕ್ಕಾ, ಹಬ್ಬಕ್ಕ ಕರ್ಕೊಂಡು ಬಾ ಅಂದಾಳ್ರಿ ಅವ್ವ."

ಕಣ್ಣೊರೆಸಿಕೊಂಡೆ. "ಬರ್ತೇನಿ. ಆದ್ರ ನಿನ್ನ ಒಬ್ಬನ ಸಂಗಾಟ ಅಲ್ಲ. ನಮ್ಮಣ್ಣಗೂ ಕರ್ಕೊಂಡು ಬಾ."

"ಅಂವ ಹ್ಯಾಂಗ ಬರ್ತಾನ್ರಿ ಅಕ್ಕಾ?"

"ಅದು ನನಗ ಗೊತ್ತಿಲ್ಲ. ಅಂವ ಬರೂತನಕ ನಾ ಹೊಸ್ತಿಲ ದಾಟಂಗಿಲ್ಲ ಅಂತ ಅವಗ ಹೇಳು."

ಅವನು ತಲೆ ಕೆರೆದುಕೊಳ್ಳುತ್ತ ಹೋದ. ನಾನು ಸೀರೆ ಬದಲಿಸಿ, ಚೀಲ ತುಂಬಿಕೊಂಡು ಕುಳಿತೆ.

ಸಂಜೆಗೆ ಟಂಟಂ ಬಂತು, ಈ ಸಲ ಒಂದೇ. ಅದರಲ್ಲಿ ಇಬ್ಬರೂ ಇದ್ದರು, ಆ ತುದಿಗೊಬ್ಬ, ಈ ತುದಿಗೊಬ್ಬ, ಮುಖ ತಿರುಗಿಸಿಕೊಂಡು. ನಾನು ಹೋಗಿ ನಡುವೆ ಕುಳಿತೆ.