ಮಂಗಳದ ಆಚೆಯ ಮೂರು ಪ್ಲೇಟು

ಚಿಕ್ಕಲಕ್ಷ್ಮಮ್ಮ ನಮ್ಮ ಹೊಳೆನರಸೀಪುರಕ್ಕೆ ಬಂದದ್ದು ನನ್ನ ಹಿರಿಯ ಮಗಳು ಹೊಟ್ಟೆಯಲ್ಲಿದ್ದ ವರ್ಷ, ಅಂದರೆ ಮೂವತ್ತೊಂಬತ್ತರಲ್ಲಿ. ಅವರಿದ್ದ ನಾಟಕದ ಕಂಪನಿ ಚನ್ನರಾಯಪಟ್ಟಣದಲ್ಲಿ ಮುಚ್ಚಿಹೋಗಿತ್ತು. ಪರದೆಗಳನ್ನೆಲ್ಲ ಯಾರೋ ಗಾಡಿಗೆ ಹಾಕಿಕೊಂಡು ಹೋದರಂತೆ. ಇವರು ಒಂದು ತಗಡಿನ ಪೆಟ್ಟಿಗೆ ಹೊತ್ತು ಬಂದು ನಮ್ಮ ಹಿತ್ತಲ ಕಡೆಯ ಕೋಣೆ ಸೇರಿದರು. ಆಗ ಅವರಿಗೆ ನಲವತ್ತು ದಾಟಿತ್ತು. ನಾಟಕದವಳು ಅಂತ ಬೀದಿಯವರು ಮೊದಮೊದಲು ಎರಡು ಮಾತು ಆಡಿದರು. ಮುತ್ತುಗದ ಎಲೆ ಹಚ್ಚುವ ಕೆಲಸ ಹಿಡಿದ ಮೇಲೆ ಸುಮ್ಮನಾದರು. ಅವರು ಹಚ್ಚಿದ ಎಲೆಯಲ್ಲಿ ಸಾರು ಬಡಿಸಿದರೆ ಒಂದು ತೊಟ್ಟೂ ಕೆಳಗೆ ಇಳಿಯುತ್ತಿರಲಿಲ್ಲ.

ನಮ್ಮ ಯಜಮಾನರಿಗೆ ಪೇಟೆಯಲ್ಲಿ ಅಂಗಡಿ. ಬಳೆ, ಕನ್ನಡಿ, ಲಾಟೀನಿನ ಗಾಜು, ಅದರ ಜೊತೆಗೆ ಗ್ರಾಮಫೋನ್ ಪ್ಲೇಟು ಮತ್ತು ಮುಳ್ಳು. ಸಂತೆಯ ದಿನ ಮಧ್ಯಾಹ್ನ ಗ್ರಾಮಫೋನನ್ನು ಜಗಲಿಗೆ ತಂದು, ಕೀ ಕೊಟ್ಟು, ಪ್ಲೇಟು ಹಾಕುವರು. ಹಾಡು ಕೇಳಲು ಕೂತವರು ಏಳುವಾಗ ಒಂದು ಡಜನ್ ಬಳೆಯನ್ನಾದರೂ ಕೊಳ್ಳುತ್ತಾರೆ ಅನ್ನುವುದು ಅವರ ಲೆಕ್ಕ. ನಾನು ಬಾಗಿಲ ಒಳಗೆ ಕೂತು ಕೇಳುತ್ತಿದ್ದೆ. ಚಿಕ್ಕಲಕ್ಷ್ಮಮ್ಮ ಹೊಸ್ತಿಲ ಹತ್ತಿರ ಎಲೆ ಹಚ್ಚುತ್ತಾ ಕೂರುತ್ತಿದ್ದರು.

ಅಂಗಡಿಯಲ್ಲಿ ‘ಹೇಮಗಂಧಿ’ ಅಂತ ಒಂದು ನಾಟಕದ ಸೆಟ್ಟು ಇತ್ತು. ಆರು ಪ್ಲೇಟು, ಪುಸ್ತಕದ ಹಾಗೆ ರಟ್ಟಿನ ಹೊದಿಕೆ. ಅಂಥ ಸೆಟ್ಟು ನಾಲ್ಕು ಬಂದಿದ್ದವು. ಮೂರು ವರ್ಷವಾದರೂ ಒಂದೂ ಹೋಗಲಿಲ್ಲ. ಸಂತೆಗೆ ಬಂದವರಿಗೆ ಅದು ಹಿಡಿಸುತ್ತಿರಲಿಲ್ಲ. ರಾಜಕುಮಾರಿ ಬಂದಳು, ರಾಜಕುಮಾರ ಬಂದ, ಮೂರು ಪ್ಲೇಟಿಗೆ ಮದುವೆಯಾಯಿತು, ಇದಕ್ಕೆ ಆರು ಯಾಕೆ ಅನ್ನುವರು. ಮಿಕ್ಕ ಮೂರು ಒಡೆದರೆ ಇರಲಿ ಅಂತ ಕೊಟ್ಟಿರಬೇಕು ಅಂತ ನಗುವವರೂ ಇದ್ದರು.

ಪ್ರತಿ ಸೋಮವಾರ ಪ್ಲೇಟುಗಳನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸುವುದು ನನ್ನ ಕೆಲಸ. ಒಂದು ಸೋಮವಾರ ಗಮನಿಸಿದೆ. ಹೇಮಗಂಧಿಯ ಮೊದಲ ಮೂರು ಪ್ಲೇಟು ಮುಳ್ಳು ಓಡಾಡಿ ಬೂದಿ ಬಣ್ಣಕ್ಕೆ ತಿರುಗಿವೆ. ಕೊನೆಯ ಮೂರು ಪ್ಲೇಟು ಮುಖ ಕಾಣುವಷ್ಟು ಕಪ್ಪಗೆ ಮಿನುಗುತ್ತಿವೆ.

“ಇವನ್ನ ಹಾಕೇ ಇಲ್ವಾ?” ಅಂತ ಯಜಮಾನರನ್ನು ಕೇಳಿದೆ.

“ಹೆಂಗೇ ಹಾಕೋದು? ಮೂರನೇದರ ಹಿಂದುಗಡೆ ಮಂಗಳ ಬಂದ್ಬಿಡುತ್ತಲ್ಲ.”

ನಿಜವೇ. ಮದುವೆಯ ಮಂಟಪದಲ್ಲಿ ಹೆಂಗಸರು ಆರತಿ ಎತ್ತಿ ಮಂಗಳ ಹಾಡುತ್ತಾರೆ. ಅದು ಕಿವಿಗೆ ಬಿದ್ದ ಕೂಡಲೇ ಜಗಲಿಯ ಮುಂದೆ ಕೂತವರೆಲ್ಲ ಕೈಮುಗಿದು, ಪಂಚೆ ಕೊಡವಿಕೊಂಡು ಎದ್ದುಬಿಡುತ್ತಿದ್ದರು. ಎಮ್ಮೆ ವ್ಯಾಪಾರದ ಬಾಗೂರಿನ ತಮ್ಮಯ್ಯ ಎಲ್ಲರಿಗಿಂತ ಮೊದಲು ಏಳುವನು. “ಮುಗೀತು ಕಣೇಳ್ರಲಾ, ಎಮ್ಮೆ ಬಿಸ್ಲಲ್ಲಿ ನಿಂತವೆ.” ಮಂಗಳ ಆದ ಮೇಲೆ ಹಾಡುವುದು ನಮ್ಮಲ್ಲಿ ಇಲ್ಲ. ಅಂಗಡಿ ಬಾಗಿಲಲ್ಲಂತೂ ಅಪಶಕುನ ಅಂತ ಯಜಮಾನರೂ ಮುಳ್ಳು ಎತ್ತಿಬಿಡುತ್ತಿದ್ದರು.

ಈ ಮಾತು ಕೇಳಿಸಿಕೊಂಡು ಚಿಕ್ಕಲಕ್ಷ್ಮಮ್ಮ ಎಲೆಯಿಂದ ಕಣ್ಣೆತ್ತದೆ ಹೇಳಿದರು. “ಆರನೇದರ ಹಿಂದ್ಗಡೆ ನಂದೊಂದು ಹಾಡೈತೆ ತಾಯಿ.”

ನಾಲ್ಕು ವರ್ಷ ಒಂದೇ ಹಿತ್ತಲಲ್ಲಿ ನೀರು ಸೇದಿದ್ದೇವೆ, ಒಂದು ದಿನವೂ ಹೇಳಿರಲಿಲ್ಲ. ಹೇಮಗಂಧಿಯ ಸಾಕುತಾಯಿಯ ವೇಷ ಅವರದು. ಇಡೀ ನಾಟಕದಲ್ಲಿ ಅವರಿಗೆ ಇರುವುದು ಒಂದೇ ಹಾಡು. ಮದರಾಸಿಗೆ ಕರೆದುಕೊಂಡು ಹೋಗಿ ಹಾಡಿಸಿದ್ದರಂತೆ. ಗಂಟಲು ಜೋರು ಅಂತ ಮೈಕಿನಿಂದ ಹತ್ತು ಹೆಜ್ಜೆ ಹಿಂದೆ, ಗೋಡೆಗೆ ಒರಗಿಸಿ ನಿಲ್ಲಿಸಿದ್ದರಂತೆ. ಪ್ಲೇಟು ಬರುವ ಹೊತ್ತಿಗೆ ಕಂಪನಿಯೇ ಇರಲಿಲ್ಲ. ತಮ್ಮ ಹಾಡನ್ನು ಅವರೂ ಕೇಳಿರಲಿಲ್ಲ.

“ಲಕ್ಷ್ಮಕ್ಕ, ಈಗ್ಲೇ ಹಾಕಿಸ್ತೀನಿ, ಕೇಳಿ” ಅಂದೆ.

“ಬ್ಯಾಡಿ. ಕದ್ದು ಕೇಳಾಕೆ ಹಾಡಿದ್ದಲ್ಲ ಅದು. ಕೂತ್ಕಂಡು ಕೇಳೋ ಜನ ಇದ್ರೆ ಅವ್ರ ಜೊತೇಲಿ ಕೇಳ್ತೀನಿ.”

“ಹಾಕಿ ಅಂತ ಮೊದ್ಲೇ ಕೇಳಬಾರದಿತ್ತಾ?”

“ಮಂಗಳ ಆದ್ಮೇಲೆ ನನ್ನ ಹಾಡ್ಸಿ ಅಂತ ನಾನೇ ಕೇಳಾಕಾಯ್ತದಾ ತಾಯಿ?”

ಆಗ ನಲವತ್ತಮೂರು, ಯುದ್ಧದ ಕಾಲ. ಪ್ಲೇಟು ಮಾಡಲು ಅರಗು ಸಿಗುತ್ತಿಲ್ಲ, ಇಪ್ಪತ್ತನಾಲ್ಕು ಹಳೆಯ ಪ್ಲೇಟು ಕರಗಿಸಲು ಒಪ್ಪಿಸಿದರೆ ಮಾತ್ರ ಹೊಸದು ಅಂತ ಹಾಸನದ ಏಜೆಂಟರಿಂದ ಕಾಗದ ಬಂದಿತ್ತು. ಯಜಮಾನರು ಹೇಮಗಂಧಿಯ ನಾಲ್ಕೂ ಸೆಟ್ಟುಗಳನ್ನು ಗೋಣಿದಾರದಲ್ಲಿ ಕಟ್ಟಿಟ್ಟರು. ನಾಲ್ಕಾರಲ ಇಪ್ಪತ್ತನಾಲ್ಕು. ಸೋಮವಾರ ಬಸ್ಸಿಗೆ ಹಾಕುವುದು ಅಂತ ಆಯಿತು. ಅಷ್ಟರಲ್ಲಿ ಇದ್ದದ್ದು ಒಂದೇ ಸಂತೆ. ಕರಗಿಹೋದರೆ ಆ ಹೆಂಗಸಿನ ಹಾಡು ಅವರ ಕಿವಿಗೂ ಬೀಳದೆ ಹೋಗುತ್ತಿತ್ತು.

ಎರಡು ದಿನ ಅಕ್ಕಿ ಆರಿಸುತ್ತಾ ಇದನ್ನೇ ಯೋಚಿಸಿದೆ. ಮಂಗಳ ಆದ ಮೇಲೆ ಯಾರೂ ಕೂರುವುದಿಲ್ಲ. ಆದರೆ ಮಂಗಳ ಆಗುವ ಮುಂಚೆ ಯಾರೂ ಏಳುವುದೂ ಇಲ್ಲ.

ಯಜಮಾನರಿಗೆ ಹೇಳಿದೆ. “ಮೂರನೇದರ ಹಿಂದುಗಡೆ ಬಿಟ್ಟು ಮುಂದಕ್ಕೆ ಹೋಗಿ. ಅದನ್ನ ಎಲ್ಲಕ್ಕಿಂತ ಕೊನೆಗೆ ಹಾಕಿ.”

“ಮದುವೇನೇ ಇಲ್ಲದೆ ಕಥೆ ನಡೆಸ್ಲಾ? ಜನ ಉಗೀತಾರೆ ಕಣೇ.”

“ಉಗಿದ್ರೆ ಸೋಮವಾರ ಹೆಂಗೂ ಹಾಸನಕ್ಕೆ ಹೋಗ್ತವಲ್ಲ.”

ಸಂತೆಯ ದಿನ ಯಜಮಾನರು ಒಂದು ಸೆಟ್ಟಿನ ದಾರ ಬಿಚ್ಚಿದರು.

ಮೂರನೆಯ ಪ್ಲೇಟಿನ ಮುಂಭಾಗ ಮುಗಿಯಿತು. ಯಜಮಾನರು ಅದನ್ನು ತೆಗೆದು ಪಕ್ಕಕ್ಕಿಟ್ಟು ನಾಲ್ಕನೆಯದನ್ನು ಇಟ್ಟರು. ಬೇಟೆಗೆ ಹೋದ ಗಂಡನಿಗೆ ಕಾಡಿನಲ್ಲಿ ಕಣ್ಣು ಹೋಗುತ್ತದೆ, ಹೇಮಗಂಧಿ ಹುಡುಕಿಕೊಂಡು ಹೊರಡುತ್ತಾಳೆ.

“ಇದೇನ್ ಸಾ, ಮದ್ವೇನೇ ಆಗ್ನಿಲ್ಲ, ಆಗ್ಲೇ ಗಂಡ ಬ್ಯಾಟೆಗೋದ! ಧಾರೆ ಎರೆದೋರ್ ಯಾರು?” ಅಂದ ತಮ್ಮಯ್ಯ.

ಅರಕಲಗೂಡಿನಲ್ಲಿ ಕಾಫಿ ಹೋಟೆಲು ಇಟ್ಟಿದ್ದ ರಂಗಣ್ಣ ಪಕ್ಕದಲ್ಲೇ ಇದ್ದರು. “ನಿನ್ನ ಕರೀದೆ ಮಾಡ್ಬುಟ್ರು ಕಣ. ಕರೆದಿದ್ರೆ ಊಟ ಸಾಲ್ತಿರ್ಲಿಲ್ಲ. ಸುಮ್ಕೆ ಕೇಳ್ಲಾ.”

ಎಲ್ಲರೂ ನಕ್ಕರು. ಐದನೆಯದಕ್ಕೆ ಒಬ್ಬಿಬ್ಬರು ಎಮ್ಮೆಯ ಕಡೆ ತಿರುಗಿ ನೋಡಿದರು. ಆದರೂ ಮಂಗಳ ಆಗಿರಲಿಲ್ಲ. ಕೂತೇ ಇದ್ದರು.

ಆರನೆಯದರ ಹಿಂಬದಿ. ಹೇಮಗಂಧಿ ಕುರುಡು ಗಂಡನ ಕೈಹಿಡಿದು ಹೊಳೆಯ ದಡಕ್ಕೆ ಬಂದಿದ್ದಾಳೆ. ಮಂಜು ಮುಸುಕಿದೆ, ದಾರಿ ಕಾಣದು. ಆಚೆ ದಡದಿಂದ ಸಾಕುತಾಯಿ ಕರೆಯುತ್ತಾಳೆ. ಹಾರ್ಮೋನಿಯಂ ಒಂದೇ ಸ್ವರಕ್ಕೆ ನಿಂತಿತು. ಹತ್ತು ಹೆಜ್ಜೆ ಹಿಂದೆ ನಿಲ್ಲಿಸಿದ್ದರಲ್ಲ, ಆ ದನಿ ನಿಜವಾಗಿ ನೀರಿನ ಆಚೆಯಿಂದಲೇ ಬಂತು. ಇಲ್ಲಿ ಕಲ್ಲಿದೆ, ಇಲ್ಲಿ ಮರಳಿದೆ, ಹೆಜ್ಜೆ ಇಡು ಮಗಳೇ ಅನ್ನುವ ಹಾಡು. ನಮ್ಮ ಹೇಮಾವತಿಯನ್ನು ನೀರಿಗಿಳಿದು ದಾಟಿದವರೇ ಅಲ್ಲಿ ಕೂತಿದ್ದವರೆಲ್ಲ. ಎಲೆಯಡಿಕೆ ಜಗಿಯುತ್ತಿದ್ದ ಬಾಯಿಗಳು ನಿಂತವು.

ನಾನು ಚಿಕ್ಕಲಕ್ಷ್ಮಮ್ಮನನ್ನು ನೋಡಿದೆ. ಕೈಯಲ್ಲಿ ಅರ್ಧ ಹಚ್ಚಿದ ಎಲೆ ಹಾಗೇ ಇತ್ತು. ತುಟಿ ಹಾಡಿನ ಜೊತೆ ಅಲ್ಲಾಡುತ್ತಿತ್ತು. ಒಂದು ಕಡೆ ಮಾತ್ರ ಹುಬ್ಬು ಗಂಟಿಕ್ಕಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. “ಉಸ್ರು ಎಳ್ಕಂಡಿದ್ದು ಕೇಳ್ಬುಡ್ತು, ಅಲ್ವಾ?”

ಹಾಡು ಮುಗಿದು ಮುಳ್ಳು ಕರಕರ ಅನ್ನುತ್ತಿತ್ತು. ರಂಗಣ್ಣ ಕೇಳಿದರು. “ಯಾರ್ ಸಾ ಹಾಡಿರೋದು? ಇದ್ರ ಮ್ಯಾಲೆ ಅವ್ರ ಎಸ್ರು ಇಲ್ವಾ?”

ಯಜಮಾನರು ಬಾಗಿಲ ಕಡೆ ಕೈ ತೋರಿಸಿದರು. “ಇಗೋ, ಇಲ್ಲೇ ಕೂತಿದಾರೆ.”

“ಎಲೆ ಲಕ್ಷ್ಮಮ್ನಾ!” ತಮ್ಮಯ್ಯ ಅರ್ಧ ಎದ್ದುಬಿಟ್ಟ. “ನಮ್ಮವ್ವನ ತಿಥಿಗೆ ಎಲೆ ಕೊಟ್ಟಿದ್ರಲ್ಲಾ, ಒಂದ್ ಮಾತ್ ಏಳ್ಬಾರ್ದಾ?”

“ಕೂತ್ಕಳಿ ತಮ್ಮಯ್ಯ,” ಅಂದರು ಚಿಕ್ಕಲಕ್ಷ್ಮಮ್ಮ. “ಇನ್ನೂ ಮಂಗಳ ಐತೆ.”

ಅವತ್ತು ಆ ಹಾಡನ್ನು ಮೂರು ಸಲ ಹಾಕಿಸಿಕೊಂಡು, ಆಮೇಲೆ ಮಂಗಳ ಕೇಳಿ, ಕೈಮುಗಿದು ಎದ್ದರು. ರಂಗಣ್ಣ ಒಂದು ಸೆಟ್ಟು ಅರಕಲಗೂಡಿಗೆ ಒಯ್ದರು. ಭಾನುವಾರ ಹಿರೀಸಾವೆಯ ಹೋಟೆಲಿನವರು ಹುಡುಕಿಕೊಂಡು ಬಂದು ಇನ್ನೊಂದು ಒಯ್ದರು. ಸೋಮವಾರದ ಬಸ್ಸಿಗೆ ಯಜಮಾನರು ಹಾಕಿದ್ದು ನಮ್ಮ ಮನೆಯ ಸವೆದ ಪ್ಲೇಟುಗಳನ್ನು. ಎಣಿಸಿದೆ, ಇಪ್ಪತ್ತನಾಲ್ಕೇ ಇದ್ದವು. ಅವರು ಇಷ್ಟಪಟ್ಟು ಕೇಳುತ್ತಿದ್ದ ಎರಡು ಪ್ಲೇಟೂ ಅದರಲ್ಲಿ ಹೋದವು.

ಸೆಟ್ಟಿನ ಜೊತೆ ‘ಮಂಗಳವನ್ನು ಕೊನೆಗೆ ಹಾಕುವುದು’ ಅಂತ ಒಂದು ಚೀಟಿ ಇರಬೇಕು ಅಂದೆ. ಯಜಮಾನರು ಒಂದು ಬರೆದುಕೊಟ್ಟರು. ಅದನ್ನು ನೋಡಿಕೊಂಡು ಮಿಕ್ಕ ಮೂರನ್ನು ನಾನೇ ಬರೆದೆ, ಅರ್ಧ ದಿನ ಹಿಡಿಯಿತು. ಸೆಟ್ಟು ಒಯ್ದಿದ್ದ ಇಬ್ಬರಿಗೂ ಒಂದೊಂದು ಕಳಿಸಿದೆವು.

ಮುಂದೆ ರಂಗಣ್ಣ ಬಂದಾಗ ದೂರು ಹೇಳಿದರು. “ನಿಮ್ಮ ಚೀಟಿ ಪರ್ಕಾರನೇ ಹಾಕ್ತೀನಿ ತಾಯಿ. ಒಂದ್ ಕಾಫಿ ಕುಡ್ದೋನು ಮಂಗಳ ಆಗೋಗಂಟ ಏಳಾಕಿಲ್ಲ. ಬೆಂಚೇ ಖಾಲಿ ಆಗಾಕಿಲ್ಲ!”

ಹಸೆಗೆ, ತೊಟ್ಟಿಲಿಗೆ ಹಾಡಲು ಚಿಕ್ಕಲಕ್ಷ್ಮಮ್ಮನನ್ನು ಕರೆಯದ ಮನೆ ಆಮೇಲೆ ಪೇಟೆಯಲ್ಲಿ ಉಳಿಯಲಿಲ್ಲ. ಎಲೆ ಹಚ್ಚುವುದನ್ನೂ ಅವರು ಬಿಡಲಿಲ್ಲ. ಒಂದು ಸೆಟ್ಟು ನನ್ನ ಹತ್ತಿರ ಇದೆ. ಸೋಮವಾರ ಒರೆಸುತ್ತೇನೆ. ಆರೂ ಪ್ಲೇಟು ಈಗ ಬೂದಿ ಬಣ್ಣವೇ. ಎಲ್ಲಕ್ಕಿಂತ ಹೆಚ್ಚು ಸವೆದಿರುವುದು ಆರನೆಯದರ ಹಿಂಬದಿ.