ನಾಲ್ಕನೇ ಅಂತಸ್ತಿನಲ್ಲಿ ಚರಗ

ನಾಲ್ಕನೇ ಅಂತಸ್ತು ನನ್ನ ಮೊಮ್ಮಗಳಿಗೇ ಸಿಕ್ಕಿತು! ಈ ಸುದ್ದಿಯನ್ನು ಬೆಳಗಿನಿಂದ ಹಾಲಿನವನಿಗೆ, ಸಿಂದಗಿಯ ತಂಗಿಗೆ, ಇಂಡಿ ಊರಿನ ಬೀಗರಿಗೆ, ಕೊಟ್ಟಿಗೆಯ ಎಮ್ಮೆಗೂ ಹೇಳಿ ಮುಗಿಸಿದ್ದೇನೆ. ಉಳಿದವರು ನೀವೇ. ಮೂರನೇ ಇಯತ್ತೆ ಕಲಿತ ಕೈ ಇದು, ಅಕ್ಷರ ಸೊಟ್ಟಗಿದ್ದರೆ ನೀವೂ ಸ್ವಲ್ಪ ಸೊಟ್ಟಗೆ ಕೂತು ಓದಿ.

ನನ್ನ ಹೆಂಡತಿಯ ತಮ್ಮ ಬೇಳೆಕಾಳಿನ ವ್ಯಾಪಾರಿ. ಮುದ್ದೇಬಿಹಾಳದಲ್ಲಿ ಐದು ಅಂತಸ್ತಿನ ಕಟ್ಟಡ ಎಬ್ಬಿಸಿದ್ದಾನೆ. ಮುಂಬಯಿಯವರು ನಗಬಹುದು, ನಮಗೆ ಅದೇ ಸ್ವರ್ಗಕ್ಕೆ ಹತ್ತಿರ. ಲಿಫ್ಟೂ ಇದೆ. ಕೃಷಿ ಕಾಲೇಜು ಓದಿದ ಮೊಮ್ಮಗಳು ಅಲ್ಲಿ ಖಾಲಿ ಬಿದ್ದಿದ್ದ ನಾಲ್ಕನೇ ಅಂತಸ್ತು ಕೇಳಿದಳು. ಗೋಡೆಗೆ ಪ್ಲಾಸ್ಟಿಕ್ ಕೊಳವೆಗಳನ್ನು ಒಂದರ ಮೇಲೊಂದು ಜೋಡಿಸಿ, ಅವುಗಳ ತೂತಿನಲ್ಲಿ ಮೆಂತ್ಯ, ಪಾಲಕ ಅಂತ ಸೊಪ್ಪುಪಲ್ಯ ಹಚ್ಚಿದಳು. ಮಣ್ಣಿನ ಹೆಸರಿಲ್ಲ. ತೊಟ್ಟಿಯ ನೀರನ್ನು ಪಂಪು ಕೊಳವೆಗಳಲ್ಲಿ ಸುತ್ತಿಸುತ್ತದೆ, ಬಿಸಿಲಿನ ಬದಲು ನೇರಳೆ ದೀಪ. ಮೊದಲ ಸಲ ನೋಡಿದಾಗ ನಾಟಕ ಕಂಪನಿಯ ಸ್ಟೇಜಿಗೆ ಬಂದೆನೇನೋ ಅನಿಸಿತ್ತು.

ಮೈದುನ ಷರತ್ತು ಹಾಕಿದ್ದ: "ಎಳ್ಳ ಅಮಾಸಿ ಸಂಜೀತನಾ ಟೈಮ್ ನೋಡವಾ. ತಿನ್ನೂವಂಥ ಪಲ್ಯಾ ತೋರಸು. ಇಲ್ಲಂದ್ರ ಟ್ಯೂಷನ್ ಮಾಸ್ತರಗ ಕೊಡ್ತೇನಿ. ಅಂವಾ ದಿನಾ ಬಂದು ಕೇಳಾಕತ್ತಾನ."

ನಿನ್ನೆ ಅದೇ ಅಮಾವಾಸ್ಯೆ. ಅಂದು ನಮ್ಮ ಕಡೆ ಹೊಲಕ್ಕೆ ಅಡುಗೆ ಒಯ್ದು, ನಿಂತ ಬೆಳೆಯ ಮೇಲೆ ತುತ್ತು ತುತ್ತಾಗಿ ಎರಚುತ್ತೇವೆ. ಬಸುರಿ ಭೂಮಿತಾಯಿಯ ಬಯಕೆ ತೀರಿಸುವ ಈ ಶಾಸ್ತ್ರಕ್ಕೇ ಚರಗ ಚೆಲ್ಲುವುದು ಎನ್ನುತ್ತೇವೆ. ಬೆಳಿಗ್ಗೆ ಬಸವನ ಬಾಗೇವಾಡಿಯ ನಮ್ಮ ಹೊಲದಲ್ಲಿ ಅದನ್ನು ಮುಗಿಸಿ, ಉಳಿದ ಬುಟ್ಟಿ ಹಿಡಿದು ನಾನು, ಹೆಂಡತಿ, ಮಗ, ಸೊಸೆ ಮುದ್ದೇಬಿಹಾಳದ ಬಸ್ಸು ಹತ್ತಿದೆವು. ಮೈದುನ ಅಂಗಡಿಗೆ ಹೋಗಿದ್ದ. ಅಲ್ಲೇ ಇದ್ದ ಮೊಮ್ಮಗಳೂ ಸೇರಿ ಎಲ್ಲರೂ ಕೆಳಗೆ ಅವನ ಮನೆಯಲ್ಲಿ ಚಹಾ ಕುಡಿಯುವಾಗ ನಾನು ಬುಟ್ಟಿ ಸಮೇತ ಮೇಲೆ ಜಾರಿದೆ.

ಹೊಲದ ಜೋಳಕ್ಕೆ ಉಣಿಸಿ ಈ ಮೆಂತ್ಯವನ್ನು ಉಪವಾಸ ಕೆಡವುವುದು ಯಾವ ನ್ಯಾಯ? ಭೂಮಿತಾಯಿ ಇಷ್ಟು ಎತ್ತರ ಹತ್ತುತ್ತಾಳೋ ಇಲ್ಲವೋ ಎಂಬ ಸಂಶಯ ಬಂತು. ಲಿಫ್ಟ್ ಇದೆಯಲ್ಲ, ಬರುತ್ತಾಳೆ ಅಂದುಕೊಂಡೆ. "ಹುಲಿಗ್ಯೋ... ಚಲ್ಲಂಬ್ರಿಗ್ಯೋ..." ಎಂದು ಚರಗದ ಕೂಗು ಹಾಕುತ್ತ ಸಜ್ಜೆಯ ಕಡಬು, ಕಾಳು-ಸೊಪ್ಪು ಬೇಯಿಸಿದ ಬಜ್ಜಿ ಸಾಲುಸಾಲಿಗೂ ಚೆಲ್ಲಿದೆ. ಗಂಗಮ್ಮ ಮುನಿಯಬಾರದೆಂದು ತೊಟ್ಟಿಗೂ ಒಂದು ಹಿಡಿ.

ಮಧ್ಯಾಹ್ನ ಎಲ್ಲರೂ ಮೇಲೆ ಬಂದರೆ ಪಂಪು ನಿಂತಿತ್ತು, ಮೆಂತ್ಯ ತಲೆ ಇಳಿಬಿಟ್ಟಿತ್ತು.

"ಮುತ್ಯಾ! ಪಂಪಿನ್ಯಾಗ ಕಡಬು ಐತಿ!" ಮೊಮ್ಮಗಳು ಚೀರಿದಳು.

"ಹಸದಿತ್ತವಾ, ಉಣಿಸೇನಿ."

"ಐವತ್ತು ವರ್ಸಾತು ಹೇಳಾಕತ್ತು," ಎಂದಳು ನನ್ನ ಹೆಂಡತಿ, "ಈ ಮನಷ್ಯಾಗ ಎಲ್ಲಿ ಚೆಲ್ಲಬೇಕು, ಎಲ್ಲಿ ಚೆಲ್ಲಬಾರದು ಇನ್ನೂ ತಿಳೀವಲ್ದು!"

ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಳು. ಮೊಮ್ಮಗಳು ನಗಲಿಲ್ಲ. "ಸಂಜಿಗೆ ಏನ್ ತೋರಸ್ಲಿ ಮುತ್ಯಾ?" ಎಂದಳು, ಕಣ್ಣು ತುಂಬಿಕೊಂಡು. ಆಗ ನನ್ನ ಜೀವ ಒಳಗೇ ಬಾಡಿತು.

ಮಗ ಪಂಪು ಬಿಚ್ಚಿದ. ಹೆಂಡತಿ ತಲೆಯ ಪಿನ್ನು ತೆಗೆದು ಒಳಗಿನ ಹಿಟ್ಟು ಕೆದರಿದಳು. ಮೊಮ್ಮಗಳು, ಸೊಸೆ ತೊಟ್ಟಿ ತೊಳೆದರು. ನನಗೆ ಶಿಕ್ಷೆ: ಚಹಾದ ಕಪ್ಪಿನಿಂದ ಒಂದೊಂದು ತೂತಿಗೂ ನೀರು ಹನಿಸುವುದು. ಬಾಗಿ ಬಾಗಿ ನನ್ನ ಸೊಂಟವೇ ಕಡಬಿನ ಆಕಾರಕ್ಕೆ ಬಂತು. ಕೊನೆಗೆ ಪಂಪು ಕೆಮ್ಮಿತು, ಉಗುಳಿತು, ತಿರುಗಿತು. ಹೊತ್ತು ಇಳಿಯುವಷ್ಟರಲ್ಲಿ ಮೆಂತ್ಯ ಮೆಲ್ಲಗೆ ತಲೆ ಎತ್ತಿತು.

ಮೈದುನ ಬಂದವನೇ ಎಲೆ ಹಿಡಿದು ನೋಡಿದ. "ಮಾವಾ, ಇದೇನ್ರಿ, ಪಲ್ಯಾಕ್ಕ ಬಜ್ಜಿ ಹತ್ತೇತಿ?"

"ಚರಗಾ ಚೆಲ್ಲೇನಪಾ. ಪಂಪು ಕಟ್ಟಿತ್ತು. ಹುಡುಗೀದೇನೂ ತಪ್ಪಿಲ್ಲ, ಬೈಯೂದಿದ್ರ ನನಗ ಬೈ."

ಅವನು ಒಂದು ಎಳೆ ಮೆಂತ್ಯ ಕಿತ್ತು ಅಗಿದ. ಮತ್ತೊಂದು ಅಗಿದ. ಆಮೇಲೆ ಬಾಗಿಲಿಗೆ ಹೋಗಿ ಚಪ್ಪಲಿ ಬಿಟ್ಟು ಬಂದ.

"ಚರಗಾ ಚೆಲ್ಲಿದ ಮ್ಯಾಲ ಇದು ಹೊಲಾ ಆತಲ್ರಿ. ಬೆಳಿ ನಿಂತ ಹೊಲದಾಗ ಮಾಸ್ತರ ಸಾಲಿ ಹೆಂಗ ನಡಸ್ತಾನ? ಮಾಡ್ಕೋ ಹೋಗವಾ."

ಮೊಮ್ಮಗಳು ನನ್ನ ಕೊರಳಿಗೇ ಬಿದ್ದಳು. ಸಂಜೆ ಅಲ್ಲೇ ನೆಲಕ್ಕೆ ಚಾಪೆ ಹಾಸಿ ಎಲ್ಲರೂ ಉಣ್ಣಲು ಕೂತೆವು. ಹಸಿ ಮೆಂತ್ಯ ಹೆಚ್ಚಿ ಉಳ್ಳಾಗಡ್ಡಿ, ಖಾರದ ಶೇಂಗಾ ಹಿಂಡಿ, ಎಣ್ಣೆ ಕಲಸಿದ್ದರು. ಜೊತೆಗೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ. ಪಲ್ಯ ಸಾಲಲಿಲ್ಲ. ಮೊಮ್ಮಗಳು ಕೂತಲ್ಲಿಂದಲೇ ಕೈ ಚಾಚಿ ಇನ್ನೊಂದು ಹಿಡಿ ಕಿತ್ತಳು, ಮೈದುನ ಎಲ್ಲರಿಗಿಂತ ಮೊದಲು ತಾಟು ಮುಂದೆ ಮಾಡಿದ.