ಗುರುತಿಲ್ಲದ ಟಪಾಲು

ಹೊಲಿಗೆ ಮಿಷನ್ ರಿಪೇರಿ ಮಾಡುವ ಆಕೆಯನ್ನು ಬೀದಿಯವರೆಲ್ಲ ಮಿಷನ್ ಅತ್ತೆ ಎಂದೇ ಕರೆಯುತ್ತಾರೆ. ವಯಸ್ಸು ಐವತ್ತೆಂಟು. ಬೆರಳಿಗೆ ಸದಾ ಎಣ್ಣೆ, ತುಟಿಯ ನಡುವೆ ಸದಾ ಒಂದೆರಡು ಸ್ಕ್ರೂ. ಹಾಗಂತ ಮಾತು ನಿಲ್ಲಿಸಿದ ದಾಖಲೆಯಿಲ್ಲ. ಮೂರು ಮೆಟ್ಟಿಲು ಇಳಿದರೆ ಅಂಗಡಿ. ಗೋಡೆಯುದ್ದಕ್ಕೂ ಬಿಚ್ಚಿಟ್ಟ ಮಿಷನ್ನುಗಳು, ಮೂಲೆಯಲ್ಲೊಂದು ಹಳೆಯ ಕಂಪ್ಯೂಟರು.

ಆ ಕಂಪ್ಯೂಟರಿನೊಳಗೆ ಅತ್ತೆಯ ಎರಡನೆಯ ಸಂಸಾರವಿತ್ತು. ಊರೂರುಗಳ ನಾನೂರು ಮಂದಿ ರಿಪೇರಿಯವರ ಮೇಲಿಂಗ್ ಲಿಸ್ಟ್ ಅದು. ಒಬ್ಬರು ಬರೆದರೆ ನಾನೂರು ಜನಕ್ಕೂ ಹೋಗುತ್ತದೆ. ದಿನಕ್ಕೆ ಅರವತ್ತು ಮೇಲ್ ಬಂದರೂ ಇದು ಲಿಸ್ಟಿನದು ಎಂದು ತಿಳಿಯಲು ಒಂದು ಗುರುತೂ ಇರಲಿಲ್ಲ. ಅದನ್ನು ನಡೆಸುವ ಯಜಮಾನರೋ, ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತರಾದವರು. ದೀಪದ ಬುಡದಲ್ಲೇ ಕತ್ತಲು! "ಪ್ರತಿ ಮೇಲ್‌ನ ವಿಷಯದ ಸಾಲಿನ ಮುಂದೆ ಲಿಸ್ಟಿನ ಹೆಸರು ಅಂಟಿಸಿದ್ರೆ ಫೋನಲ್ಲಿ ಹೆಸರೊಂದೇ ಕಾಣುತ್ತೆ, ವಿಷಯ ಕಾಣಲ್ಲ ಕಣಮ್ಮ" ಎಂದು ಅವರ ಹಟ.

ಸರಿ, ಅತ್ತೆ ತಾನೇ ಉಪಾಯ ಹೂಡಿದಳು. ವಿಷಯದ ಸಾಲಿನಲ್ಲಿ 'ಮಿಷನ್' ಎಂದಿರುವ ಮೇಲ್‌ಗಳೆಲ್ಲ ಲಿಸ್ಟಿನ ಫೋಲ್ಡರಿಗೆ ಹೋಗಿ ಬೀಳಲಿ ಎಂದು ಫಿಲ್ಟರ್ ಹಾಕಿದಳು. ಮಧ್ಯಾಹ್ನ ಫೋಲ್ಡರ್ ತೆರೆದು, ವಿಷಯವನ್ನಷ್ಟೇ ನೋಡಿ, "ಮಿಷನ್ ನಿಂತಿದೆ" ಎಂದವರಿಗೆಲ್ಲ ಒಂದೇ ಉತ್ತರ ಕಳಿಸುತ್ತಿದ್ದಳು: 'ತಯಾರಾದ ವರ್ಷ, ನಂಬರು, ಫೋಟೋ ಕಳಿಸಿ. ಆಮೇಲೆ ನೋಡೋಣ.'

ಒಂದು ಶನಿವಾರ ಅದೇ ಫೋಲ್ಡರಿನಲ್ಲಿ ಒಂದು ಮರುಪತ್ರ ಕಂಡಿತು. "ಎಂಟು ವರ್ಷ ಆದ್ಮೇಲೆ ಅಕ್ಕನ ಹತ್ರ ಮಾತಾಡೋದು ಹಿಂಗಾ? ಇರ್ಲಿ ಬಿಡು. ಇನ್ನು ತೊಂದ್ರೆ ಕೊಡಲ್ಲ."

ಅತ್ತೆ ಪತ್ರವನ್ನು ಕೆಳಕ್ಕೆ ಸರಿಸಿದಳು. ಕೆಳಗೆ ತನ್ನದೇ ಉತ್ತರ. ಅದರ ಕೆಳಗೆ, ಅಕ್ಕ ತನ್ನ ಮಗಳ ವಿಳಾಸದಿಂದ ಕಳಿಸಿದ ಮೊದಲ ಪತ್ರ. ವಿಷಯ: ಮಿಷನ್ ನಿಂತಿದೆ. "ತಂಗೀ, ಅಮ್ಮನ ಮಿಷನ್ ನಿಂತುಬಿಟ್ಟಿದೆ. ನಾವು ಚಿಕ್ಕ ಮನೆಗೆ ಹೋಗ್ತಿದೀವಿ, ಅಲ್ಲಿ ಇದಕ್ಕೆ ಜಾಗ ಇಲ್ಲ. ನಿಂಗೆ ಬೇಕಾ? ಭಾನುವಾರ ಬೆಳಗ್ಗೆ ಗುಜರಿಯವನು ಬರ್ತಾನೆ, ಅಷ್ಟರೊಳಗೆ ಹೇಳು."

ಅಮ್ಮ ಹೋದ ಮೇಲೆ ಅಕ್ಕತಂಗಿಯರು ಜಗಳವಾಡಿದ್ದು ಆ ಮಿಷನ್ನಿಗಾಗಿಯೇ. ಅಕ್ಕ ಅದನ್ನು ಹೊತ್ತುಕೊಂಡು ಹೋದಳು. ಅಂದು ಮಾತು ಬಿಟ್ಟ ತಂಗಿ ಮತ್ತೆ ಆಡಿರಲಿಲ್ಲ. ಈಗ ಅಕ್ಕ ತಾನಾಗಿ ಒಂದು ಹೆಜ್ಜೆ ಮುಂದೆ ಬಂದರೆ, ತಂಗಿ ಫೋಟೋ ಕೇಳಿದ್ದಾಳೆ!

"ಅವಳ ನಂಬರೂ ಇಲ್ವಲ್ಲ!" ಎಂದು ಅತ್ತೆ ಅತ್ತೇಬಿಟ್ಟಳು.

"ನನ್ನ ಹತ್ರ ಇದೆ" ಎಂದ ಮೆಟ್ಟಿಲ ಮೇಲೆ ಕೂತಿದ್ದ ಗಂಡ, ಪೇಪರಿನಿಂದ ತಲೆಯೆತ್ತದೆ. "ಜಗಳ ನಿಮ್ಮಿಬ್ಬರದು. ಷಡ್ಡಕನೂ ನಾನೂ ವಾರವಾರ ಮಾತಾಡ್ತೀವಿ."

ಬೈಯಲು ಪುರಸೊತ್ತಿರಲಿಲ್ಲ. ಫೋನು ಹಚ್ಚಿದಳು.

"ಅಕ್ಕಾ, ನಾನು."

"ಏನು, ಫೋಟೋ ಕಳಿಸ್ಬೇಕಾ?"

"ಬೈ ಅಕ್ಕ, ಇನ್ನೂ ಬೈ. ಓದದೇ ಬರೆದುಬಿಟ್ಟೆ ಕಣೇ. ನಾನೂರು ಜನದಲ್ಲಿ ಯಾರೋ ಒಬ್ರು ಅಂದ್ಕೊಂಡೆ. ಗುಜರಿಯವನಿಗೆ ಮಾತ್ರ ಕೊಡ್ಬೇಡ."

ಆ ಕಡೆಯಿಂದ ಕೇಳಿದ್ದು ನಗು. "ಸ್ಕೂಲಲ್ಲೂ ಹಿಂಗೇ ತಾನೆ ನೀನು! ಪ್ರಶ್ನೆ ಓದದೇ ಉತ್ತರ ಬರೀತಿದ್ದೆ."

ಅತ್ತೆ ಫೋನಿಟ್ಟವಳೇ ನಾನೂರು ಮಂದಿಗೂ ನಡೆದದ್ದನ್ನು ಬರೆದಳು. ಪ್ರತಿ ಮೇಲ್‌ನ ವಿಷಯದ ಮುಂದೆ ಒಂದು ಪುಟ್ಟ ಗುರುತು ಬೇಕು. ಅದು ಎಂದೂ ಬದಲಾಗಕೂಡದು. ಮರುಪತ್ರಗಳಲ್ಲಿ ಅದೇ ಗುರುತು ಮತ್ತೆ ಮತ್ತೆ ಸೇರಿಕೊಳ್ಳಲೂ ಕೂಡದು. 'ನಿಮ್ಮ ಹಟದಿಂದ ಒಡಹುಟ್ಟಿದವಳನ್ನೇ ಗುಜರಿಗೆ ಹಾಕುತ್ತಿದ್ದೆ' ಎಂದು ಲಿಸ್ಟಿನ ಯಜಮಾನರಿಗೂ ಒಂದು ಸಾಲು ಬಿಸಿ ಮುಟ್ಟಿಸಿದಳು.

ಅವರ ಉತ್ತರ ಗಂಟೆಯೊಳಗೆ ಬಂತು. 'ಮೂವತ್ತು ವರ್ಷದಲ್ಲಿ ಒಂದು ಕಾಗದವನ್ನೂ ತಪ್ಪು ಖಾನೆಗೆ ಹಾಕಿಲ್ಲವೆಂದು ಬೀಗುತ್ತಿದ್ದೆ. ಅಕ್ಕನವರಿಗೆ ನನ್ನ ಕ್ಷಮೆ ತಿಳಿಸಿ.' ಅದರ ವಿಷಯದ ಮುಂದೆ ಆಗಲೇ ಪುಟ್ಟದಾಗಿ [ರಿಪೇರಿ] ಎಂದಿತ್ತು. ಕಣ್ಣಿಗೆ ಕಾಣದ, ಫಿಲ್ಟರ್ ಮಾತ್ರ ಓದುವ ಸಾಲೊಂದರಲ್ಲಿ ಲಿಸ್ಟಿನ ಪೂರ್ತಿ ಹೆಸರನ್ನೂ ಸೇರಿಸಿದ್ದೇನೆ ಎಂದು ಬರೆದಿದ್ದರು. ಅತ್ತೆ ಹಳೆಯ ಫಿಲ್ಟರ್ ಕಿತ್ತು ಹೊಸದು ಹಾಕಿದಳು.

ಭಾನುವಾರ ವ್ಯಾನಿನಿಂದ ಅಕ್ಕ ಇಳಿದಳು, ಮಿಷನ್ ಇಳಿಯಿತು. ತಬ್ಬಿಕೊಂಡು ಅತ್ತರು, ಅಳುತ್ತಲೇ ನಕ್ಕರು, ಎರಡೂ ಜೋರಾಗಿಯೇ. ಮಿಷನ್ನಿನ ರೋಗ ದೊಡ್ಡದಲ್ಲ, ಅಡಿಯಲ್ಲಿ ದಾರ ಸುತ್ತಿಕೊಂಡಿತ್ತು. ಕಾಲು ಗಂಟೆಯಲ್ಲಿ ಅದು ಅಮ್ಮನ ಕಾಲದ ಸದ್ದಿನಲ್ಲೇ ಓಡಿತು.

"ನೀನೇ ತಗೊಂಡು ಹೋಗಕ್ಕ" ಎಂದಳು ಅತ್ತೆ. ಆ ಮಾತು ತನ್ನ ಬಾಯಿಂದ ಬಂದದ್ದು ಅವಳಿಗೇ ಆಶ್ಚರ್ಯ.

ಅಕ್ಕ ಅಂಗಡಿಯಲ್ಲೆಲ್ಲ ಕಣ್ಣಾಡಿಸಿ, ಮಿಷನ್ನನ್ನು ಬೆಳಕಿರುವ ಕಿಟಕಿಯ ಹತ್ತಿರಕ್ಕೆ ದರದರ ಎಳೆದಳು. "ಇಲ್ಲೇ ಇರ್ಲಿ. ನಿಂಗೆ ಕೊಟ್ಟೆ ಅಂದ್ಕೋಬೇಡ. ಗುರುವಾರ ಗುರುವಾರ ಹೊಲಿಯೋಕೆ ನಾನೇ ಬರ್ತೀನಿ."

"ಗುರುವಾರ ಒಂದೇ ಯಾಕೆ?" ಎಂದಳು ತಂಗಿ.